ಅಡವಿ ಅನ್ನಬೇಕು, ಕಾಡು ಅನ್ನಬಾರದು

ನಮ್ಮ ಮನೆಯಲ್ಲಿ ಕಾಡು ಅನ್ನುವ ಹಾಗಿಲ್ಲ. ಅತ್ತೆಯ ಮನೆಮಾತು ತೆಲುಗು, ಅದರಲ್ಲಿ ಕಾಡು ಅಂದರೆ ಸುಡುಗಾಡು. ನಾನು ಹೋಳೂರು ಕಡೆಯ ಕನ್ನಡದವಳು. ಮದುವೆಯಾಗಿ ಮುಳಬಾಗಿಲಿಗೆ ಬಂದ ಹೊಸತರಲ್ಲಿ ಯಾರೋ ಗಂಡನನ್ನು ವಿಚಾರಿಸಿದರು. "ಕಾಡಿಗೆ ಹೋಗಿದ್ದಾರೆ" ಅಂದುಬಿಟ್ಟೆ. ಅತ್ತೆ ಓಡಿಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು. "ಅಡವಿ ಅನ್ನಮ್ಮಾ, ನಿನಗೆ ಪುಣ್ಯ ಬರುತ್ತೆ."

ಗಂಡನ ಕೆಲಸ ಮೈಸೂರಿನಾಚೆಯ ದೊಡ್ಡ ರಕ್ಷಿತಾರಣ್ಯದಲ್ಲಿ. ಅಲ್ಲಿ ಲಂಟಾನ ಪೊದೆ ಹಬ್ಬಿ ಹುಲ್ಲನ್ನೆಲ್ಲ ನುಂಗಿದೆಯಂತೆ. ಅದನ್ನು ಬೇರುಸಹಿತ ಕಿತ್ತ ಜಾಗದಲ್ಲಿ ಇವರ ತಂಡ ಹಗ್ಗ ಕಟ್ಟಿ ಚೌಕ ಮಾಡಿ, ಯಾವ ಹುಲ್ಲು ಮೊಳೆಯಿತು, ಯಾವ ಪ್ರಾಣಿ ಮೇಯಲು ಬಂತು ಎಂದು ನೋಡುತ್ತದೆ. ಹುಲ್ಲು ಬರುವುದು ಮಳೆಗೆ. ನಮ್ಮ ಗೌರಿ ಬರುವುದೂ ಮಳೆಗಾಲದಲ್ಲೇ. ಹಾಗಾಗಿ ಮದುವೆಯಾದ ಮೇಲೆ ಒಂದು ಗೌರಿ ಹಬ್ಬಕ್ಕೂ ಅವರು ಮನೆಯಲ್ಲಿಲ್ಲ. ಇಲ್ಲಿ ಬೆಟ್ಟದ ದಾರಿಯಲ್ಲಿ ಲಂಟಾನ ಹೂ ಕಂಡರೂ ನನಗೆ ಸವತಿಯನ್ನು ಕಂಡ ಹಾಗೆ.

ಹೋದ ವರ್ಷ "ಈ ಸಲ ಖಂಡಿತ ಬರ್ತೀನಿ ಕಣೇ" ಅಂದಿದ್ದರು. ಹಬ್ಬದ ಹಿಂದಿನ ಸಂಜೆ ನನ್ನ ಕೈಯೆಲ್ಲ ಹೂರಣ. ಫೋನು ಬಡಿದುಕೊಂಡಿತು, ಅತ್ತೆ ಎತ್ತಿ ಸ್ಪೀಕರ್ ಒತ್ತಿದರು. ಇವರ ಜೊತೆ ಕೆಲಸ ಮಾಡುವ ಧಾರವಾಡ ಕಡೆಯ ಹೆಣ್ಣುಮಗಳು. ಸಿಗ್ನಲ್ ಹೋಗುತ್ತದೆಂದು ಒಂದೇ ಉಸಿರಿಗೆ ಹೇಳಿದಳು: "ಅಜ್ಜಿ, ಸರ್ ಕಾಡಿಗೆ ಹೋದ್ರು. ಇನ್ನ ಬರಂಗಿಲ್ರೀ."

"ಅಯ್ಯೋ, ನಾ ಕೊಡುಕು ಕಾಡಿಕಿ ಪೋಯಿನಾಡಂಟ!" ಅತ್ತೆ ಫೋನು ಬಿಟ್ಟು ನೆಲಕ್ಕೆ ಕುಸಿದರು.

ಮಗ ಸುಡುಗಾಡು ಸೇರಿದನೆಂದೇ ಅವರು ತಿಳಿದದ್ದು. ನನಗಾದರೂ ಕನ್ನಡ ಗೊತ್ತಿರಲಿಲ್ಲವೇ? ಆದರೆ ಅಷ್ಟು ವರ್ಷ ಅವರ ಜೊತೆ ಬಾಳಿ ನನ್ನ ಕಿವಿಯೂ ತೆಲುಗಾಗಿತ್ತು. ಒಲೆಯ ಮುಂದೆಯೇ ಕೂತುಬಿಟ್ಟೆ. ಕೂಗು ಕೇಳಿ, ರವಿಕೆ ಹೊಲಿಯುವ ಪಕ್ಕದ ಮನೆಯ ಬೀಬಿ ಓಡಿಬಂದರು. ಬಿದ್ದಿದ್ದ ಫೋನನ್ನು ಎತ್ತಿ ನನ್ನ ಬಾಯಿಯ ಮುಂದೆ ಹಿಡಿದರು.

"ಪೂರಾ ಕೇಳಮ್ಮಾ ಮೊದ್ಲು. ಆಮೇಲೆ ಅಳು."

"ಯಾವ ಕಾಡಮ್ಮಾ?" ಎಂದು ಕೇಳಿದೆ.

"ಯಾವ ಕಾಡಂದ್ರ? ನಮ್ಮ ಕಾಡ್ರೀ ಅಕ್ಕಾರ! ಹೊಸಾ ಹುಲ್ಲು ಎದ್ದೈತಿ, ಎಣಿಸಾಕ ಹೋಗ್ಯಾರ. ಹಬ್ಬಕ್ಕ ಬರಾಕ ಆಗೂದಿಲ್ಲಂತ."

ಬರುವುದಿಲ್ಲ ಅನ್ನುವ ಮಾತು ಕೇಳಿ ನಾನು ಸಂತೋಷಪಟ್ಟದ್ದು ಅದೊಂದೇ ಸಲ. ಅತ್ತೆ ಕಣ್ಣೊರೆಸಿಕೊಂಡು, "ಹುಲ್ಲು ಎಣಿಸೋಕೆ ಅಷ್ಟೊಂದು ಓದ್ಬೇಕಿತ್ತಾ? ನಮ್ಮ ಸೀಮೆಹಸು ಕಳಿಸಿದ್ರೆ ಆಗ್ತಿರ್ಲಿಲ್ವಾ?" ಅಂದರು.

"ಹಸು ಎಣಿಸಿದ್ದೆಲ್ಲಾ ತಿಂದ್ಬಿಡುತ್ತಲ್ಲಮ್ಮಾ," ಅಂದರು ಬೀಬಿ.

ಆ ಸಂತೋಷ ದೀಪ ಹಚ್ಚುವ ಹೊತ್ತಿನವರೆಗೂ ಉಳಿಯಲಿಲ್ಲ. ಜೀವ ಉಳಿಸಿದೆಯಲ್ಲ, ಅಷ್ಟು ಸಾಕು ಗೌರಮ್ಮ ತಾಯಿ ಅಂದುಕೊಳ್ಳುತ್ತಲೇ, ಇಸ್ತ್ರಿ ಮಾಡಿಟ್ಟಿದ್ದ ಅವರ ಅಂಗಿಯನ್ನು ಮತ್ತೆ ಬೀರುವಿಗೆ ಸೇರಿಸಿದೆ. ಸಾಕು ಅಂದರೆ ಮನಸ್ಸು ಕೇಳಬೇಕಲ್ಲ.

ಬೆಳಿಗ್ಗೆ ಪೂಜೆಯ ಹೊತ್ತಿಗೆ ಅವರದೇ ಫೋನು. ಸಿಗ್ನಲ್ ಸಿಗುವ ಬಂಡೆ ಹತ್ತಿ ನಿಂತಿದ್ದರು. ಪೊದೆ ಕಿತ್ತ ಜಾಗಕ್ಕೆ ಜಿಂಕೆಗಳು ಮರಿ ಕರೆದುಕೊಂಡು ಮೇಯಲು ಬಂದಿವೆ ಅಂತ ಎರಡೆರಡು ಸಲ ಹೇಳಿದರು. ಬೈಯಬೇಕೆಂದು ಕಾದಿದ್ದೆ, ಬೈಯಲಾಗಲಿಲ್ಲ.

ನಮ್ಮ ಮನೆಯಲ್ಲಿ ಹೆಂಡತಿಯ ಕೈಗೆ ಗೌರಿ ದಾರ ಕಟ್ಟುವುದು ಗಂಡ. ಫೋನನ್ನು ಗೌರಮ್ಮನ ಪಕ್ಕಕ್ಕೆ ಒರಗಿಸಿದೆ. ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು, ಎಡಗೈಯಲ್ಲಿ ಹೇಗೋ ಗಂಟು ಹಾಕಿದೆ.

"ಬಿಗಿಯಾಯ್ತೇನೇ?" ಅಂದರು.

"ಇಲ್ಲ. ನೀವೇ ಬಂದು ನೋಡಿ."

"ಸಡಿಲ ಇದ್ರೆ ಇರ್ಲಿ. ಬಿಚ್ಚಬೇಡ, ಬರ್ತೀನಿ," ಅಂದರು.

ಆರತಿ ಎತ್ತಿದೆ. ಲೈನು ಕಡಿಯುವವರೆಗೂ ಇಳಿಸಲಿಲ್ಲ.