ಉಯ್ಯಾಲೆಯಲ್ಲಿ ಅವ್ವನ ನಿದ್ದೆ

ಆಫೀಸು ಮುಗಿಸಿ ಮಗಳನ್ನು ಮಗರಪಟ್ಟಾದ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಉಯ್ಯಾಲೆ ತೂಗಿ ತೂಗಿ ಅಂಗೈಗೆ ಸರಪಳಿಯ ತುಕ್ಕಿನ ವಾಸನೆ ಅಂಟಿತು. ಅವ್ವ ನೆನಪಾದಳು.

ಇದೇ ಪುಣೆಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇತ್ತು. ನಸುಕಿನಿಂದಲೇ ಅವ್ವ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಗಿರಾಕಿಗಳು ಬಂದರೆ ಅಪ್ಪ ಹೊರಗಿನಿಂದಲೇ "ಲಗೂ ಲಗೂ" ಎಂದು ಅವಸರ ಮಾಡುತ್ತಿದ್ದ. ಒಮ್ಮೆ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಮೂವರೂ ಹತ್ತಿರದ ಪಾರ್ಕಿಗೆ ಹೋದೆವು. ಖಾಲಿ ಉಯ್ಯಾಲೆ ಕಂಡು ಅವ್ವ ಕುಳಿತಳು. ಸರಪಳಿಗೆ ತಲೆ ಆನಿಸಿದವಳು ಹಾಗೆಯೇ ನಿದ್ದೆಹೋದಳು.

ಉಯ್ಯಾಲೆ ಅಲುಗಾಡದಂತೆ ಅಪ್ಪ ಹಿಂದೆ ನಿಂತು ಎರಡೂ ಸರಪಳಿ ಹಿಡಿದುಕೊಂಡ. ಅಷ್ಟರಲ್ಲಿ ಕಾವಲುಗಾರ ಬಂದ.

"ಬಾಯಿ, ಉಠಾ," ಏಳಮ್ಮಾ ಎಂದು ಅವ್ವನನ್ನು ಎಬ್ಬಿಸಲು ನೋಡಿದ. ಅದು ಮಕ್ಕಳ ಉಯ್ಯಾಲೆ.

"ಥೋಡಾ ವೇಳ ರಾಹೂ ದ್ಯಾ," ಸ್ವಲ್ಪ ಹೊತ್ತು ಇರಲಿ ಬಿಡಿ ಎಂದು ಅಪ್ಪ ಮೆಲ್ಲಗೆ ಕೇಳಿಕೊಂಡ.

ಅವ್ವನ ಮುಖ ನೋಡಿದ ಕಾವಲುಗಾರ ಸುಮ್ಮನಾದ. ಸರದಿಗೆ ಕಾಯುತ್ತಿದ್ದ ಮಕ್ಕಳನ್ನು ಜಾರುಬಂಡಿಯ ಕಡೆ ಕಳಿಸಿದ. ಬಿಸಿಲು ಇಳಿಯುವವರೆಗೂ ಅಪ್ಪ ಹಾಗೇ ನಿಂತಿದ್ದ.

ಅವ್ವ ಈಗಿಲ್ಲ. ಪಾರ್ಕಿನ ಬೆಂಚಿನ ಮೇಲೆ ಕುಳಿತು ಅಪ್ಪನಿಗೆ ಫೋನು ಮಾಡಿದೆ. ಅವತ್ತು ಅವಳನ್ನು ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದೆ.



"ಎಬ್ಬಿಸಿದ್ರ ಮತ್ತ ಒಲಿ ಮುಂದ ಕೂಡಬೇಕಿತ್ತಲ್ಲವಾ," ಎಂದ ಅಪ್ಪ.