ಬಾಯಾದ ಕರಿಯ ಕಲ್ಲು

ಬೇಳೆ ಆರಿಸುವ ಅಗತ್ಯ ಈಗ ಯಾರಿಗೂ ಇಲ್ಲ. ಎಡಿಸನ್ ಊರಿನ ನಮ್ಮವರ ಅಂಗಡಿಯಿಂದ ತರುವ ತೊಗರಿಬೇಳೆ ಯಂತ್ರದಲ್ಲಿ ತೂರಿಸಿಕೊಂಡು, ಜರಡಿಯಾಡಿಸಿಕೊಂಡು, ಮಿರಿಮಿರಿ ಹೊಳೆಯುತ್ತ ಚೀಲದೊಳಗೆ ಕೂತಿರುತ್ತದೆ. ನೇರವಾಗಿ ಕುಕ್ಕರಿಗೆ ಸುರಿದರೂ ಹಲ್ಲಿಗೆ ಅಪಾಯವಿಲ್ಲವೆಂದು ನನ್ನ ಗಂಡ ಮದುವೆಯಾದ ಹೊಸದರಿಂದ ಹೇಳುತ್ತಲೇ ಇದ್ದಾರೆ. ಆದರೂ ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಸ್ಟೀಲಿನ ತಟ್ಟೆ ಹಿಡಿದು, ಬೇಳೆ ಹರಡಿ, ಅಂಗೈಯಿಂದ ಮೆಲ್ಲಗೆ ಒಂದು ಬದಿಗೆ ಸರಿಸುತ್ತ ಕಲ್ಲು ಹುಡುಕುತ್ತೇನೆ. ಅಜ್ಜಿಯ ಪಕ್ಕದಲ್ಲಿ ಕೂತು ಕಲಿತದ್ದನ್ನು ಕೈ ಮರೆಯುವುದಿಲ್ಲ. ಕಣ್ಣೂ ಮರೆಯುವುದಿಲ್ಲ. ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಹನಿಗಳನ್ನು ನೋಡುವುದು ನನ್ನ ಕೆಲಸ. ಅಲ್ಲಿ ಮಾಡುವುದೂ ಇದನ್ನೇ, ಒಂದೇ ಬಗೆಯ ಅಸಂಖ್ಯ ಕಣಗಳ ನಡುವೆ ಬೇರೆಯಾದ ಒಂದನ್ನು ಕಾಣುವುದು.

ಆದರೆ ಕಳೆದ ವರ್ಷದಿಂದ, ಸ್ನೇಹಿತರೇ, ತಟ್ಟೆಯ ಮೇಲೆ ನನ್ನ ಕೈ ನಡುವೆಯೇ ನಿಂತುಬಿಡುತ್ತದೆ. ಯಾಕೆಂದು ಹೇಳುತ್ತೇನೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ, ಊಹಿಸಿದ್ದನ್ನು ಊಹೆಯೆಂದೇ ಹೇಳುತ್ತೇನೆ.

ಹತ್ತಿರದ ಊರು ವೆಸ್ಟ್ ವಿಂಡ್ಸರಿನ ಶೈಲಜಾ ನನ್ನ ಬಹುಕಾಲದ ಗೆಳತಿ. ಧಾರವಾಡದವಳು. ನಗುವಾಗ ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ನಗುವವಳು. ಮಕ್ಕಳು ಕಾಲೇಜಿಗೆ ಹೊರಟುಹೋದ ಮೇಲೆ ಮಿಕ್ಕವರು ಯೋಗಕ್ಕೋ ವೀಣೆಗೋ ಸೇರಿದರೆ, ನಾವಿಬ್ಬರೂ ನೀರಿನಾಳಕ್ಕೆ ಇಳಿಯುವ ಸ್ಕೂಬಾ ವಿದ್ಯೆಗೆ ಸೇರಿದೆವು. ಮೊದಲು ಈಜುಕೊಳದಲ್ಲಿ, ಆಮೇಲೆ ಪೆನ್ಸಿಲ್ವೇನಿಯಾದಲ್ಲಿ ನೀರು ತುಂಬಿ ಕೆರೆಯಾಗಿರುವ ಒಂದು ಹಳೆಯ ಕಲ್ಲುಗಣಿಯಲ್ಲಿ ಕಲಿತೆವು. ಈ ವಿದ್ಯೆಯಲ್ಲಿ ಒಬ್ಬರೇ ಇಳಿಯುವಂತಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ. ಅವರ ಗಾಳಿಯ ಡಬ್ಬ, ಅದನ್ನು ಬೆನ್ನಿಗೆ ಬಿಗಿದ ಪಟ್ಟಿ, ಅವರ ಜೀವ ನಿಮ್ಮ ಕಣ್ಣಿನ ಜವಾಬ್ದಾರಿ. ಗಣಿಯ ತಣ್ಣನೆಯ ತಳದಲ್ಲಿ ಒಮ್ಮೆ ನನ್ನ ಉಸಿರಿನ ಕೊಳವೆ ಕೆಟ್ಟು ಗಾಳಿಯೆಲ್ಲ ಗುಳ್ಳೆಗಳಾಗಿ ಮೇಲಕ್ಕೆ ಹಾರಿಹೋಗತೊಡಗಿದಾಗ, ಶೈಲಜಾ ತನ್ನ ಹೆಚ್ಚುವರಿ ಕೊಳವೆಯನ್ನು ನನ್ನ ಬಾಯಿಗಿಟ್ಟು, ತೋಳು ಹಿಡಿದು, ನಿಧಾನವಾಗಿ ನನ್ನನ್ನು ಬೆಳಕಿಗೆ ತಂದಳು. ಅವಳ ಡಬ್ಬದ ಗಾಳಿ ಕುಡಿದು ನಾನು ಬದುಕಿದ್ದೇನೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳುವ ಯಾವುದೂ ಇದನ್ನು ಸುಳ್ಳಾಗಿಸುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಇಟಲಿಗೆ ಹೋದೆವು. ನೇಪಲ್ಸಿನ ಪಕ್ಕದಲ್ಲಿ ಬಾಯಾ ಎಂಬ ಕೊಲ್ಲಿಯಿದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸಿರಿವಂತರು ಅಲ್ಲಿ ವಿಲಾಸದ ಮನೆಗಳನ್ನು ಕಟ್ಟಿಕೊಂಡಿದ್ದರು. ಆ ಊರನ್ನು ಯಾವ ಪ್ರಳಯವೂ ಮುಳುಗಿಸಲಿಲ್ಲ. ಅಲ್ಲಿನ ನೆಲದಡಿಯ ಬೆಂಕಿ ಉಸಿರು ಬಿಟ್ಟಂತೆಲ್ಲ ನೆಲ ಇಳಿಯುತ್ತದೆ, ಉಸಿರೆಳೆದಂತೆಲ್ಲ ಏರುತ್ತದೆ. ಹಾಗೆ ಇಳಿಯುತ್ತ ಇಳಿಯುತ್ತ, ಯಾವ ತಲೆಮಾರಿಗೂ ತಿಳಿಯದಷ್ಟು ಮೆತ್ತಗೆ, ಅಂಗಳಗಳೂ ಸ್ನಾನದ ಮನೆಗಳೂ ಕಡಲೊಳಗೆ ಹೋದವು. ಗುಡುಗಿಲ್ಲದ ಮುಳುಗಡೆ ಅದು. ಮನುಷ್ಯರ ನಡುವಿನ ಎಷ್ಟೋ ಮುಳುಗಡೆಗಳು ಹಾಗೆಯೇ ಆಗುತ್ತವೆಂದು ಆಗ ನನಗೆ ಹೊಳೆದಿರಲಿಲ್ಲ.

ನಮ್ಮನ್ನು ನೀರಿಗಿಳಿಸಿದವಳು ಪಾವೊಲಾ. ಪುರಾತತ್ವ ಓದಿದವಳು, ಓದಿಗೆ ತಕ್ಕ ಕೆಲಸ ಸಿಗದೆ ಒಂದು ದೋಣಿಯವರ ಬಳಿ ಮಾರ್ಗದರ್ಶಿಯಾಗಿದ್ದಳು. ಪುಟ್ಟ ಮಗಳಿದ್ದಳು, ಗಂಡ ಇರಲಿಲ್ಲ. ದೋಣಿಯಲ್ಲಿ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ನೆಲದ ಮೇಲೆ ಯಾರೂ ಕೈಯಿಡಬೇಡಿ. ಮರಳು ಸರಿಸುವುದು ನಾನು, ಮುಚ್ಚುವುದೂ ನಾನೇ."

ಶೈಲಜಾ ನನ್ನ ಕಿವಿಗೆ ಬಗ್ಗಿ, "ಥೇಟ್ ನಮ್ಮತ್ತಿ ನೋಡವಾ! ಮಡಿಯಾಗಿದ್ದಾಗ ಅಡಗಿಮನಿಯೊಳಗ ಯಾರೂ ಏನೂ ಮುಟ್ಟಂಗಿಲ್ಲ," ಎಂದಳು. ನಾನು ನಗು ತಡೆಯಲಾರದೆ ಮುಖವಾಡವನ್ನು ಬೇಗ ಬೇಗ ಹಾಕಿಕೊಂಡೆ.

ಆಳ ಹೆಚ್ಚಿಲ್ಲ, ಬಿಸಿಲು ತಳದವರೆಗೂ ಬರುತ್ತದೆ. ಕಡಲ ಹುಲ್ಲಿನ ನಡುವೆ ನಿಂತ ವಿಗ್ರಹಗಳು ಅಚ್ಚು ತೆಗೆದ ನಕಲುಗಳೆಂದೂ ಅಸಲು ವಿಗ್ರಹಗಳು ವಸ್ತುಸಂಗ್ರಹಾಲಯದಲ್ಲಿವೆಯೆಂದೂ ಪಾವೊಲಾ ಮೊದಲೇ ಹೇಳಿದ್ದಳು. ಅಸಲಿಯಾಗಿ ಉಳಿದದ್ದು ನೆಲ. ಬರಿಯ ಮರಳೆಂದು ಕಾಣುವ ಒಂದು ಕಡೆ ಅವಳು ನಿಂತಳು. ಅಂಗೈಯನ್ನು ಮರಳಿಗೆ ತಾಗಿಸದೆ, ಮಗುವಿನ ಮುಖಕ್ಕೆ ಗಾಳಿ ಹಾಕುವಂತೆ ಬೀಸಿದಳು. ನೀರು ಕದಲಿತು, ಮರಳು ಮೋಡವಾಗಿ ಎದ್ದು ಸರಿಯಿತು, ಅಡಿಯಲ್ಲಿ ಕಪ್ಪು ಬಿಳುಪಿನ ಚಿಕ್ಕ ಚಿಕ್ಕ ಚೌಕದ ಕಲ್ಲುಗಳನ್ನು ಜೋಡಿಸಿ ಬಿಡಿಸಿದ ಬಳ್ಳಿಯೊಂದು, ಆಗಷ್ಟೇ ಯಾರೋ ಹಾಕಿ ಒಳಗೆ ಹೋದ ರಂಗೋಲಿಯ ಹಾಗೆ, ಕಣ್ಣುಬಿಟ್ಟಿತು. ಒದ್ದೆಗಾಲಿನಲ್ಲಿ ಆ ನೆಲದ ಮೇಲೆ ನಡೆದ ಹೆಂಗಸರನ್ನು ನೆನೆದು ನನಗೆ ನೀರಿನೊಳಗೇ ಕಣ್ಣು ತುಂಬಿತು. ಪಾವೊಲಾ ಅದರ ಫೋಟೋ ತೆಗೆದುಕೊಂಡಳು. ಆಮೇಲೆ ಹಿಡಿಹಿಡಿ ಮರಳು ತಂದು, ಮಲಗಿದವರಿಗೆ ಹೊದಿಸುವ ಹಾಗೆ, ಎಲ್ಲವನ್ನೂ ಮತ್ತೆ ಮುಚ್ಚಿದಳು. ತೆರೆದಿಟ್ಟರೆ ಹುಳುವೂ ಅಲೆಯೂ ತಿಂದುಬಿಡುತ್ತವಂತೆ. ನಾವೆಲ್ಲ ತೋರಿಸಲಿಕ್ಕೆಂದೇ ಬದುಕುವ ಕಾಲದಲ್ಲಿ, ಮುಚ್ಚಿಡುವುದೇ ಕಾಪಾಡುವುದು ಎಂದು ನಂಬಿದ ಕೈಯನ್ನು ನಾನು ಅಲ್ಲಿ ಕಂಡೆ.

ಪಾವೊಲಾ ಮುಂದೆ ಈಜಿದಳು. ನಾನು ಜೊತೆಗಾತಿಗಾಗಿ ತಿರುಗಿ ನೋಡಿದೆ. ಶೈಲಜಾಳ ಬಲಗೈ ಆಗಷ್ಟೇ ಮುಚ್ಚಿದ ಮರಳಿನೊಳಗಿತ್ತು. ಮೇಲೆದ್ದಾಗ ಮುಷ್ಟಿ ಮುಚ್ಚಿತ್ತು. ಮುಷ್ಟಿ ಸೊಂಟದ ಚೀಲದ ಬಳಿಗೆ ಹೋಯಿತು. ನಾನು ಕಂಡದ್ದು ಇಷ್ಟೇ. ಕಪ್ಪೆಚಿಪ್ಪು ಎಂದುಕೊಂಡೆ, ಅದು ಊಹೆ.

ಶ್ರಾವಣದಲ್ಲಿ ಅವಳ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಅವಳ ಗಂಡ ಗುರುರಾಜ ಬೆಳ್ಳಿಯ ತಟ್ಟೆಯಲ್ಲಿ ಸಾಲಿಗ್ರಾಮಗಳನ್ನಿಟ್ಟು ಹಾಲೆರೆದರು, ನೀರೆರೆದರು, ಸಾಲಿನಲ್ಲಿ ಬಂದ ನಮಗೆಲ್ಲ ತೀರ್ಥ ಕೊಟ್ಟರು. ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಳ್ಳುತ್ತ ತಟ್ಟೆಯ ಕಡೆ ನೋಡಿದೆ. ದುಂಡನೆಯ ಕರಿಯ ಕಲ್ಲುಗಳ ನಡುವೆ ಚೌಕದ ಒಂದು ಕರಿಯ ಕಲ್ಲು ಇತ್ತು. ಅದರ ನೆತ್ತಿಗೂ ಗಂಧ, ತುಳಸಿ.

ಊಟ ಬಡಿಸುತ್ತಿದ್ದ ಶೈಲಜಾಳನ್ನು ನನ್ನ ಎಲೆಯ ಬಳಿ ತಡೆದು ಮೆಲ್ಲಗೆ ಕೇಳಿದೆ. "ಅದು ಬಾಯಾದ್ದಲ್ವೇನೇ?"

"ಹೂಂ! ಚಂದ ಅದ ಇಲ್ಲೊ?" ಅವಳ ಮುಖದಲ್ಲಿ ಅಳುಕಿರಲಿಲ್ಲ. "ಸಡಲ ಆಗಿತ್ತು, ಕೈಗೆ ತಾನೇ ಬಂತು. ಎರಡು ಸಾವಿರ ವರ್ಷ ಜಲವಾಸ ಮಾಡ್ಯದ, ಅದಕ್ಕಿಂತ ಪವಿತ್ರ ಯಾವುದದ? ತೀರ್ಥಕ್ಕ ಹೋದಾಕಿ ಬರಿಗೈಲೆ ಬರಬಾರದು ಅಂತಿದ್ಲು ನಮ್ಮವ್ವ."

ವಾಪಸ್ ಕಳಿಸು ಎಂದೆ. ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ನಾವು ಎಲ್ಲೆಲ್ಲಿಂದಲೋ ಏನೇನೋ ತರುವ ಜನ. ಕಾಶಿಯಿಂದ ಗಂಗೆ ತರುತ್ತೇವೆ, ರಾಮೇಶ್ವರದಿಂದ ಮರಳು ತರುತ್ತೇವೆ. ಆ ಚಿಟಿಕೆಯಷ್ಟರಲ್ಲಿ ಕ್ಷೇತ್ರವೆಲ್ಲ ಮನೆಗೆ ಬಂತೆಂದು ನಂಬುತ್ತೇವೆ. ಆ ನಂಬಿಕೆಯ ಬಗ್ಗೆ ನನಗೆ ಇವತ್ತಿಗೂ ತಾತ್ಸಾರವಿಲ್ಲ. ಗಂಗೆ ತುಂಬಿಸಿಕೊಂಡರೆ ನದಿಯಲ್ಲಿ ತೂತು ಬೀಳುವುದಿಲ್ಲ. ನೆಲದಿಂದ ಕಲ್ಲು ಎದ್ದರೆ ಬೀಳುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಅಷ್ಟು ಓದಿದ ನನ್ನ ಗೆಳತಿಗೆ ನಾನು ಹೇಗೆ ಹೇಳಲಿ?

ವಾರ ಕಳೆಯುವುದರೊಳಗೆ, ಅಂದು ಇಳಿದಿದ್ದ ಎಲ್ಲರ ಫೋನಿಗೂ ಪಾವೊಲಾಳ ಸಂದೇಶ ಬಂತು. ನಮಗಾಗಿ ತೆರೆದ ನೆಲದ ಫೋಟೋದಲ್ಲಿದ್ದ ಒಂದು ಕಲ್ಲು ಮುಂದಿನ ತಪಾಸಣೆಯಲ್ಲಿ ಇರಲಿಲ್ಲ. ಗುಂಪು ಅವಳದ್ದು, ಹೊಣೆಯೂ ಅವಳದ್ದು. ದೋಣಿಯ ಮಾಲೀಕ ಅವಳನ್ನು ನೀರಿಗಿಳಿಸುವುದನ್ನು ನಿಲ್ಲಿಸಿದ್ದಾನೆ. ಬೇಸಿಗೆ ಮುಗಿಯುವುದರೊಳಗೆ ಕಲ್ಲು ಬಂದರೆ ಅವಳ ಕೆಲಸ ಉಳಿಯುತ್ತದೆ. ಕೊನೆಯ ಸಾಲು ಹೀಗಿತ್ತು: "ಯಾರು ಎಂದು ನಾನು ಕೇಳುವುದಿಲ್ಲ."

ನಾನು ಕಾರು ಓಡಿಸಿಕೊಂಡು ಸೀದಾ ವೆಸ್ಟ್ ವಿಂಡ್ಸರಿಗೆ ಹೋದೆ. ಶೈಲಜಾ ಚಪಾತಿ ಲಟ್ಟಿಸುತ್ತಿದ್ದಳು.

"ನೋಡಿದೆ ಮೆಸೇಜು," ಎಂದಳು. "ಪೂಜಿ ಆದ ಕಲ್ಲನ್ನ ಕವರಿನಾಗ ಹಾಕಿ ಪೋಸ್ಟ್ ಮಾಡ್ಲೀನು? ಯಾರ್ಯಾರೋ ಮುಟ್ಟತಾರ, ಕಸ್ಟಮ್ಸಿನವರು ಬಿಚ್ಚತಾರ."

"ಆ ಹುಡುಗಿ ಕೆಲಸ ಹೋಗತ್ತೆ ಶೈಲೂ. ಮಗು ಇದೆ ಅವಳಿಗೆ."

"ಇಟಲಿಯೊಳಗ ಕಲ್ಲಿಗೇನು ಬರ ಬಂದದೇನು? ಇನ್ನೊಂದು ಕೂಡಿಸ್ಕೋ ಅನ್ನು." ಆಮೇಲೆ ನನ್ನ ಮುಖ ನೋಡಿ ಲಟ್ಟಣಿಗೆ ಕೆಳಗಿಟ್ಟಳು. "ಆತು, ಹಂಗ್ಯಾಕ ನೋಡ್ತಿ? ನನಗ ಬಿಡು. ಸರಿ ಮಾಡ್ತೀನಿ."

ಅವಳು ಸರಿ ಮಾಡುತ್ತೇನೆಂದರೆ ಮಾಡುವವಳು. ಕಲ್ಲು ಬರುತ್ತದೆ ಎಂದು ನಾನೇ ಪಾವೊಲಾಳಿಗೆ ಬರೆದೆ. ಅವಳು ಮಗಳ ಜೊತೆಗಿನ ಒಂದು ಚಿತ್ರ ಕಳಿಸಿದಳು, ಇಬ್ಬರೂ ನಗುತ್ತಿದ್ದರು.

ಶನಿವಾರ ಶೈಲಜಾ ಫೋನು ಮಾಡಿದಳು. ದನಿಯಲ್ಲಿ ವ್ರತ ಮುಗಿಸಿದವರ ಹಗುರವಿತ್ತು. "ಮುಗೀತು ನೋಡವಾ, ಇನ್ನ ನಿಶ್ಚಿಂತಿ. ಮನಿಯೊಳಗ ಇಟ್ಕೊಳ್ಳೋದು ಬ್ಯಾಡಾದ್ರ ಹರಿಯೋ ನೀರಿಗೆ ಬಿಡಬೇಕು ಅಂದ್ರು ಆಚಾರ್ರು. ನಾನೂ ಇವರೂ ಹೋಗಿ ಡೆಲವೇರ್ ನದಿಯೊಳಗ ಬಿಟ್ಟು ಬಂದ್ವಿ. ಹೂವು, ಅರಿಷಿಣ, ಕುಂಕುಮ, ಎಲ್ಲಾ ಶಾಸ್ತ್ರೋಕ್ತ."

ಅವಳೇ ಮುಂದುವರಿಸಿದಳು:

"ನೀರಾಗಿಂದು ನೀರಿಗೆ ಹೋತು. ಎಲ್ಲಾ ನದಿನೂ ಸಮುದ್ರಕ್ಕೇ ಹೋಗ್ತಾವ, ಹೌದಿಲ್ಲೊ?"

ಎಷ್ಟು ಸುಂದರವಾದ ಮಾತು ಅದು! ನಮ್ಮ ಹಿರಿಯರು ಎಷ್ಟೋ ಕಾಲ ತಪಸ್ಸು ಮಾಡಿ ಕಂಡುಕೊಂಡದ್ದು. ಎಲ್ಲ ದಾರಿಗಳೂ ಒಂದನ್ನೇ ಸೇರುತ್ತವೆ ಎಂಬ ಉದಾರವಾದ ನಂಬಿಕೆ. ಅದನ್ನು ಹೀಗೂ ಬಳಸಬಹುದು ಎಂದು ಅಂದು ತಿಳಿಯಿತು. ಅವಳ ಭಕ್ತಿ ನಟನೆಯಾಗಿದ್ದರೆ ನನಗೆ ಸಿಟ್ಟು ಬಂದು ಮುಗಿದುಹೋಗುತ್ತಿತ್ತು. ನಟನೆಯಲ್ಲ. ಆ ಹೂವನ್ನು ಅವಳು ನಿಜವಾಗಿ ಕಣ್ಣಿಗೊತ್ತಿಕೊಂಡೇ ಬಿಟ್ಟಿರುತ್ತಾಳೆ. ಇಡೀ ಪೂಜೆಯಲ್ಲಿ ಪಾವೊಲಾ ಎಲ್ಲೂ ಇರಲಿಲ್ಲ, ಅಷ್ಟೇ.

ಜಾಗ ತೋರಿಸು ಎಂದು ಹಟ ಹಿಡಿದೆ. ಶೈಲಜಾ ಬಂದು ನದಿಯ ದಂಡೆಯಲ್ಲಿ ನಿಂತು, "ಅಲ್ಲೆ ಎಲ್ಲೋ," ಎಂದು ಕೈ ಬೀಸಿ ಕಾರಿನಲ್ಲಿ ಹೋಗಿ ಕೂತಳು. ಹಿಂದಿನ ದಿನದ ಮಳೆಗೆ ನೀರು ಕದಡಿತ್ತು. ಮೊಣಕಾಲಿನವರೆಗೆ ಇಳಿದು ಬಗ್ಗಿ, ಪಾವೊಲಾ ಮಾಡುತ್ತಿದ್ದಂತೆ ಅಂಗೈ ಬೀಸಿದೆ. ಕೆಸರು ಎದ್ದು ಸರಿಯಿತು. ಅಡಿಯಲ್ಲಿ ಕಲ್ಲು, ಕಪ್ಪು, ಬೂದು, ಕಂದು, ನದಿಯ ಅಗಲಕ್ಕೂ ಹಾಸಿದ ಕಲ್ಲು. ಬೇಳೆಯಲ್ಲಿ ಕಲ್ಲು ಸಿಗುತ್ತದೆ. ಕಲ್ಲಿನಲ್ಲಿ ಕಲ್ಲು ಸಿಗುವುದಿಲ್ಲ. ಅಂಗೈ ಮರಗಟ್ಟುವವರೆಗೂ ಬೀಸಿ ಮೇಲೆ ಬಂದೆ.

ದೋಣಿಯ ಮಾಲೀಕನಿಗೆ ನಾನು ಕಂಡದ್ದನ್ನೆಲ್ಲ ಬರೆದು ಕಳಿಸಿದೆ: ಪಾವೊಲಾ ನೆಲವನ್ನು ಸರಿಯಾಗಿ ಮುಚ್ಚಿದ್ದಳು, ನಂತರ ನನ್ನ ಗೆಳತಿಯ ಕೈ ಇಳಿಯಿತು, ಕಲ್ಲು ಈಗ ಇಂಥ ನದಿಯಲ್ಲಿದೆ. ಕಾಗದ ಬೇಡ, ಕಲ್ಲು ಬೇಕು ಎಂದು ಉತ್ತರ ಬಂತು. ಬರೆದ ವಿಷಯವನ್ನು ಶೈಲಜಾಳಿಗೆ ನಾನೇ ತಿಳಿಸಿದೆ. ಅವಳು, "ಗಣಿಯೊಳಗ ನಿನ್ನ ಬಾಯಿಗೆ ಉಸಿರಿಟ್ಟಾಕಿ ನಾನು. ಆ ಪಾವೊಲಾ ಅಲ್ಲ," ಎಂದು ಫೋನಿಟ್ಟಳು. ಅವಳು ಹೇಳಿದ್ದು ನಿಜ. ನಾನು ಬರೆದದ್ದೂ ನಿಜ. ಅಂದಿನಿಂದ ಅವಳ ಮನೆಯ ಹಬ್ಬಗಳಿಗೆ ನನಗೆ ಕರೆಯಿಲ್ಲ. ಎದುರಾದ ಪರಿಚಿತರು ನನ್ನ ಆರೋಗ್ಯವನ್ನು ಅತಿ ಮರ್ಯಾದೆಯಿಂದ ವಿಚಾರಿಸಿ ಮುಂದೆ ಸಾಗುತ್ತಾರೆ.

ಪಾವೊಲಾಳಿಗೆ ಫೋನಿನಲ್ಲೇ ಹೇಳಿದೆ. ಹೂವು ಕುಂಕುಮದ ವಿಷಯವನ್ನೂ ಬಿಡದೆ ಹೇಳಿದೆ. ಅವಳು ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು: "ಅಲ್ಲಿ ನೀರು ತಿಳಿಯಾಗಿದೆಯಾ?"

ಸುಳ್ಳು ಹೇಳಬಹುದಿತ್ತು. ಇಲ್ಲ, ಮೊಣಕಾಲಾಳ ದಾಟಿದರೆ ಕೈಯೂ ಕಾಣುವುದಿಲ್ಲ ಎಂದೆ.

"ಸರಿ," ಎಂದಳು. ಈಗ ಅವಳು ಒಂದು ಹೋಟೆಲಿನಲ್ಲಿ ಹಾಸಿಗೆಗಳಿಗೆ ಹೊದಿಕೆ ಹಾಸುತ್ತಾಳೆ.

ಮೊನ್ನೆ ಭಾನುವಾರ ತಟ್ಟೆಯಲ್ಲಿ, ಎಷ್ಟೋ ಕಾಲದ ಮೇಲೆ, ನಿಜವಾಗಿಯೂ ಒಂದು ಕಲ್ಲು ಸಿಕ್ಕಿತು. ಕರಿಯದು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಕಲಬುರಗಿಯ ಯಾವ ಹೊಲದ್ದೋ, ಇನ್ನಾವ ದೇಶದ್ದೋ. ಯಂತ್ರಗಳ ಕಣ್ಣು ತಪ್ಪಿಸಿ ಇಷ್ಟು ದೂರ ಬಂದಿತ್ತು. ನಾನು ಅದನ್ನು ಬೆರಳ ತುದಿಯಲ್ಲಿ ಹಿಡಿದು ನಿಂತದ್ದು ಕಂಡು ಗಂಡ, "ಸಿಕ್ತಲ್ಲ ಕೊನೆಗೂ, ಗೆದ್ದೆ ಬಿಡು! ಎಸಿ ಅದನ್ನ," ಎಂದರು.

"ಎಲ್ಲಿಗೆ?" ಎಂದೆ.

ಅವರು ಸಿಂಕಿನ ಕಡೆ ಕೈ ತೋರಿಸಿದರು. ನಲ್ಲಿಯಿಂದ ನೀರು ಹರಿಯುತ್ತಿತ್ತು. ನಾನು ಕಲ್ಲನ್ನು ತಟ್ಟೆಗೇ ಹಾಕಿ, ಬೇಳೆಯನ್ನು ಅದರ ಮೇಲೆ ಎಳೆದೆ. ಆಮೇಲೆ ಅಂಗೈಯನ್ನು ತಾಗಿಸದೆ, ತಟ್ಟೆಯ ಮೇಲಿನ ಗಾಳಿಯಲ್ಲಿ ಮೆಲ್ಲಗೆ ಒಮ್ಮೆ ಬೀಸಿ ನೋಡಿದೆ. ಬೇಳೆ ಕದಲಲಿಲ್ಲ.