ಬಂಗುಡೆಗೆ ಹೋದ ಮಾನ

ಕಳೆದ ಮಂಗಳವಾರ ನನ್ನ ಫೋನಿನ ಸ್ಪೀಕರ್ ಕೆಮ್ಮತೊಡಗಿತು. ಆಚೆ ಯಾರು ಮಾತಾಡಿದರೂ ಮೂಗು ಕಟ್ಟಿದವರ ಹಾಗೆ ಕೇಳಿಸುತ್ತಿತ್ತು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಸಣ್ಣ ರಿಪೇರಿ ಅಂಗಡಿ ಇದೆ, ಅಲ್ಲಿಗೆ ಕೊಟ್ಟೆ. ಅಂಗಡಿಯವನು ಫೋನಿನ ಬೆನ್ನು ಬಿಚ್ಚಿ, ಚಿಮಟದಿಂದ ಏನನ್ನೋ ಎತ್ತಿ ದೀಪಕ್ಕೆ ಹಿಡಿದ. ಉಗುರಿನಷ್ಟು ಅಗಲ, ಮಿಣಮಿಣ ಹೊಳೆಯುತ್ತಿತ್ತು. ಮೂಗಿನ ಹತ್ತಿರ ಒಯ್ದವನು ತಲೆ ಹಿಂದಕ್ಕೆ ಎಳೆದುಕೊಂಡ.

"ಅಂಕಲ್, ಯೇ ಮಚ್ಛೀ ಕಾ ಹೈ ಕ್ಯಾ?"

ನಾನು ಆಚೀಚೆ ನೋಡಿದೆ. ಗಿರಾಕಿಗಳು ಯಾರೂ ಇರಲಿಲ್ಲ. ಮೆಲ್ಲಗೆ ಹೌದೆಂದು ತಲೆ ಆಡಿಸಿದೆ. ಇಷ್ಟು ವರ್ಷ ಶುದ್ಧ ಶಾಕಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂತವನ ಫೋನಿನೊಳಗೆ ಮೀನಿನ ಹುರುಪೆ ಹೇಗೆ ಬಂತು ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳಬೇಕಾಗುತ್ತದೆ.

ನಾವು ಉಡುಪಿ ಕಡೆಯವರು. ಹೋಟೆಲಿನಲ್ಲಿ ಇಡ್ಲಿ, ಮನೆಯಲ್ಲಿ ಮೀನು. ಇದು ನಮ್ಮ ಗಿರಾಕಿಗಳಿಗೆಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ಅವರಿರುತ್ತಾರೆ, ಅವರಿಗೆ ಗೊತ್ತಿಲ್ಲವೆಂದು ತಿಳಿದವರ ಹಾಗೆ ನಾವಿರುತ್ತೇವೆ. ಈ ಒಪ್ಪಂದದ ಮೇಲೆ ಎಷ್ಟೋ ಹೋಟೆಲುಗಳು ನೆಮ್ಮದಿಯಾಗಿ ನಡೆಯುತ್ತಿವೆ.

ನಾಲ್ಕೈದು ವರ್ಷದ ಹಿಂದೆ ಡಾಕ್ಟರು ನನ್ನ ರಕ್ತದೊತ್ತಡ ನೋಡಿ, ವಾರಕ್ಕೊಮ್ಮೆಯಾದರೂ ಗಲ್ಲಾ ಬಿಟ್ಟು ಎಲ್ಲಾದರೂ ಸುಮ್ಮನೆ ಕೂತುಕೊಳ್ಳಿ ಎಂದರು. ಸುಮ್ಮನೆ ಕೂರುವುದು ಹೋಟೆಲಿನವರಿಗೆ ಬರುವುದಿಲ್ಲ, ಕೈಗೆ ಏನಾದರೂ ಬೇಕು. ನಾನು ಗಾಳ ಹಿಡಿದೆ. ಬುಧವಾರ ಬೆಳಿಗ್ಗೆ ಹೆಂಡತಿ ಶಕುಂತಲಾ ಗಲ್ಲಾದಲ್ಲಿ ಕೂರುವಳು. ನಾನು ಮಡಚುವ ಕೋಲನ್ನು ಕೊಡೆಯ ಚೀಲದಲ್ಲಿ ಬಚ್ಚಿಟ್ಟುಕೊಂಡು, ಕಸಾರಾ ಲೋಕಲ್ ರೈಲು ಹತ್ತಿ ಶಹಾಡಿನಲ್ಲಿ ಇಳಿದು, ಉಲ್ಹಾಸ ನದಿಯ ದಂಡೆಗೆ ನಡೆದುಹೋಗುವೆ. ಮಳೆಗಾಲವಲ್ಲದ ದಿನಗಳಲ್ಲೂ ನಾನೇಕೆ ಕೊಡೆ ಒಯ್ಯುತ್ತೇನೆಂದು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ವಾಚ್‌ಮನ್ ಇವತ್ತಿಗೂ ಕೇಳಿಲ್ಲ.

ಮೊದಲ ಬುಧವಾರ ಒಂದು ಮೀನೂ ಕಚ್ಚಲಿಲ್ಲ. ಬರಿಗೈಯಲ್ಲಿ ಮನೆಗೆ ಹೋಗಲು ನಾಚಿಕೆಯಾಯಿತು. ದಾರಿಯಲ್ಲಿ ಮಾರ್ಕೆಟ್ಟಿಗೆ ನುಗ್ಗಿ ಮೂರು ಮೀನು ಕೊಂಡು, ಮನೆಯ ಸಿಂಕಿನಲ್ಲಿ ಹಾಕಿ, "ನಾನೇ ಹಿಡಿದದ್ದು" ಎಂದೆ. ಬುದ್ಧಿ ಇರುವವನು ಆಗ ಯಾವುದಾದರೂ ಹೊಳೆ ಮೀನು ಕೊಳ್ಳುತ್ತಿದ್ದ. ಆದರೆ ಕರಾವಳಿಯವನ ಕೈ ಮೀನಿನ ಬುಟ್ಟಿಯೆದುರು ಯಜಮಾನನ ಮಾತು ಕೇಳುವುದಿಲ್ಲ. ನಾನು ಕೊಂಡದ್ದು ಬಂಗುಡೆ.

ಶಕುಂತಲಾ ಮಲ್ಪೆ ಹತ್ತಿರದವಳು. ಮೀನನ್ನು ನೋಡಿದಳು, ನನ್ನನ್ನು ನೋಡಿದಳು. ಮನೆಯಲ್ಲಿ ನಮ್ಮ ಜಗಳ ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಶಹಾಡ್‌ನಲ್ಲಿ ಬಂಗುಡೆ ಸಿಕ್ಕಿತಾ?"

"ಹೌದು."

"ಸಮುದ್ರದ ಬಂಗುಡೆ ಶಹಾಡ್‌ಗೆ ಹೇಗೆ ಬಂತು ಮಾರಾಯ್ರೆ? ಲೋಕಲ್ ಹಿಡಿದು ಬಂತಾ? ಕುರ್ಲಾದಲ್ಲಿ ಇಳಿದು ಗಾಡಿ ಬದಲಿಸಿತಾ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಮೂರು ಬಂಗುಡೆಗೆ ಹೋಯಿತು. ಮುಂದೆ ನಾನು ನಿಜವಾಗಿಯೂ ಮೀನು ಹಿಡಿಯತೊಡಗಿದೆ, ಆದರೆ ಒಂದನ್ನೂ ಅವಳು ನಂಬಲಿಲ್ಲ. ಹೊಳೆಯ ಚಿಲಾಪಿ ಮೀನು ತಂದರೆ "ಎಷ್ಟು ಕೊಟ್ಟಿರಿ?" ಎಂದು ಕೇಳುವಳು. ಊರಿಂದ ಅವಳ ಅಣ್ಣ ಫೋನ್ ಮಾಡಿದಾಗಲೂ "ನಮ್ಮವರು ನದಿಯಲ್ಲಿ ಬಂಗುಡೆ ಹಿಡಿಯುತ್ತಾರೆ" ಎಂದು ನನ್ನೆದುರೇ ಹೇಳುವಳು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಇನ್ನೊಂದು ಸುಳ್ಳು ಹೇಳಿದವನಲ್ಲ. ಅಂದರೆ, ಸಿಕ್ಕಿಬಿದ್ದವನಲ್ಲ. ಅವಳು ಒಮ್ಮೆಯಾದರೂ "ಹೌದು, ನೀವೇ ಹಿಡಿದದ್ದು" ಅನ್ನಬೇಕು ಎಂಬ ಆಸೆ ನನಗೆ ಹುಚ್ಚಿನಂತೆ ಹತ್ತಿತು. ನೀವು ನಗುತ್ತೀರಿ. ನಂಬಿಕೆ ಕಳೆದುಕೊಂಡ ಮನೆಯಲ್ಲಿ ಊಟ ಮಾಡಿ ನೋಡಿ, ಉಪ್ಪಿನಕಾಯಿಯೂ ಸಪ್ಪೆ.

ಹಾಗಾಗಿ ಫೋಟೋ ತೆಗೆಯುವುದೆಂದು ನಿಶ್ಚಯಿಸಿದೆ. ನದಿ, ನಾನು, ಗಾಳ ಬಾಯಲ್ಲಿರುವ ಮೀನು, ಮೂವರೂ ಒಂದೇ ಫೋಟೋದಲ್ಲಿ ಬರಬೇಕು. ಆದರೆ ಒಬ್ಬನೇ ಮೀನು ಹಿಡಿಯುವವನಿಗೆ ಇರುವುದು ಎರಡೇ ಕೈ, ಅವೆರಡೂ ಮೀನಿಗೇ ಸಾಲುವುದಿಲ್ಲ.

ಮೊದಲು ಒಂದು ಕೈಯಲ್ಲಿ ಮೀನು, ಇನ್ನೊಂದರಲ್ಲಿ ಫೋನು ಹಿಡಿದೆ. ಹೆಬ್ಬೆರಳು ದೊಡ್ಡದಾಗಿ, ಮೀನು ಅದರ ಮರಿಯಂತೆ ಬಂತು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ತೆಗೆದದ್ದರಲ್ಲಿ ನನ್ನ ಮುಖ ಕಾವಲಿಯ ತಳದಂತೆ ಕಪ್ಪಾಗಿತ್ತು. "ಇದು ನೀವೇ ಅಂತ ಏನು ಗ್ಯಾರಂಟಿ?" ಎಂದಳು ಶಕುಂತಲಾ. ಚಪ್ಪಲಿಗೆ ಫೋನ್ ಒರಗಿಸಿ ಹತ್ತು ಸೆಕೆಂಡಿನ ಟೈಮರ್ ಇಟ್ಟೆ. ಏಳನೇ ಸೆಕೆಂಡಿಗೆ ಮೀನು ಜಾರಿತು, ಎಂಟಕ್ಕೆ ನಾನು ಬಗ್ಗಿದೆ, ಹತ್ತಕ್ಕೆ ಫೋಟೋ ಬಂತು. ಅದರಲ್ಲಿ ನದಿ ಸ್ವಲ್ಪ ಕಾಣುತ್ತದೆ, ಉಳಿದದ್ದೆಲ್ಲ ನನ್ನ ಪ್ಯಾಂಟಿನ ಹಿಂಭಾಗ.

ಮಗಳು ಇಲ್ಲೇ ಹುಟ್ಟಿ ಬೆಳೆದವಳು. ನಾವು ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಾಳೆ. "ಪಪ್ಪಾ, ಬಸ್ ಹಥೇಲೀ ದಿಖಾವೋ, ಅಪ್ನೇ ಆಪ್ ಫೋಟೋ ನಿಕಲೇಗಾ," ಎಂದು, ಅಂಗೈ ಕಂಡೊಡನೆ ಫೋನ್ ತಾನೇ ಫೋಟೋ ತೆಗೆಯುವ ವಿದ್ಯೆ ಹೇಳಿಕೊಟ್ಟಳು. ಅಂಗೈ ತೋರಿಸಿದೆ. ಅಂಗೈ ತೋರಿಸಲು ಮೀನನ್ನು ಬಿಟ್ಟೆ. ಮೀನಿಗೆ ಟಾಟಾ ಮಾಡುತ್ತಿರುವ ಒಂದು ಸೊಗಸಾದ ಫೋಟೋ ನನ್ನ ಬಳಿ ಇದೆ.

ಹೀಗೆ ತಪ್ಪಿ ತಪ್ಪಿ ನಾನು ಕಲಿತದ್ದನ್ನು ನಿಮಗೆ ಪುಕ್ಕಟೆ ಕೊಡುತ್ತೇನೆ. ಮೀನನ್ನು ಬಣ್ಣದ ಖಾಲಿ ಡಬ್ಬಿಯ ನೀರಿನಲ್ಲಿ ಬಿಟ್ಟು, ಮೊದಲು ಫೋನಿನ ಜಾಗ ಹುಡುಕಬೇಕು. ನಾನು ಹೋಟೆಲಿನಿಂದ ಮೆನು ಕಾರ್ಡ್ ನಿಲ್ಲಿಸುವ ಮರದ ತುಂಡನ್ನು ಒಯ್ಯುತ್ತಿದ್ದೆ, ಅದರ ಸೀಳಿನಲ್ಲಿ ಫೋನ್ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಬಿಸಿಲು ಮುಖಕ್ಕೆ ಬೀಳುವಂತೆ ಮಂಡಿಯೂರಿ ಕೂರಬೇಕು, ಬಿದ್ದರೂ ಮೀನಿಗೂ ನಮಗೂ ಎತ್ತರ ಕಡಿಮೆ. ಕೈ ಒದ್ದೆ ಮಾಡಿಕೊಂಡೇ ಮೀನನ್ನು ಹಿಡಿಯಬೇಕು. ಟೈಮರಿನ ಗೊಡವೆಗೆ ಹೋಗದೆ ವೀಡಿಯೊ ಹಾಕಿ, ಆರಾಮವಾಗಿ ಮೀನನ್ನು ಎತ್ತಿ ತೋರಿಸಿ, ಆಮೇಲೆ ಅದರಿಂದ ಒಳ್ಳೆಯ ಚಿತ್ರವೊಂದನ್ನು ಹೆಕ್ಕಬೇಕು. ಕೊನೆಯದು ಬಹಳ ಮುಖ್ಯ. ಕೈ ಒರೆಸಿಕೊಳ್ಳದೆ ಫೋನ್ ಮುಟ್ಟಬಾರದು.

ಈ ಕೊನೆಯದನ್ನು ನಾನು ಆಮೇಲೆ ಕಲಿತೆ.

ಕಳೆದ ವರ್ಷ ಒಂದು ಬುಧವಾರ ನನ್ನ ಗಾಳಕ್ಕೆ ಒಂದು ರೋಹು ಮೀನು ಬಿತ್ತು. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ಫೋಟೋ ಹೇಗೆ ಬಂತೆಂದರೆ, ನನ್ನ ಮದುವೆಯ ಫೋಟೋದಲ್ಲೂ ನಾನು ಹಾಗೆ ನಕ್ಕಿಲ್ಲ. ಅದೇ ಹೊತ್ತಿಗೆ ಹೋಟೆಲಿನಿಂದ ಅಡುಗೆ ಭಟ್ಟರು ಅಂದಿನ ಬನ್ಸ್‌ನ ಫೋಟೋ ಕಳಿಸಿದರು. ಪ್ರತಿದಿನ ಒಂಬತ್ತಕ್ಕೆ ಅದನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ನನ್ನ ಕೆಲಸ, ನೂರಾರು ಗಿರಾಕಿಗಳು ನೋಡುತ್ತಾರೆ. ಕೈಯೆಲ್ಲ ಲೋಳೆ, ಎದೆಯಲ್ಲಿ ಸಂಭ್ರಮ. "ಆಜ್ ಕಾ ಸ್ಪೆಷಲ್. ಏಕದಂ ತಾಜಾ" ಎಂದು ಬರೆದು ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದೆ. "ನಾನೇ ಹಿಡಿದದ್ದು. ಈಗಲಾದರೂ ನಂಬು" ಎಂದು ಬರೆದು ಹೆಂಡತಿಗೆ ಇನ್ನೊಂದು ಕಳಿಸಿದೆ.

ಹೆಂಡತಿಯ ಉತ್ತರ ತಕ್ಷಣ ಬಂತು. "ಬನ್ಸ್ ಕೂಡ ಗಾಳಕ್ಕೆ ಬೀಳ್ತದಾ?"

ನನಗೆ ಅರ್ಥವಾಗುವ ಮೊದಲೇ ಫೋನ್ ಬಡಿದುಕೊಂಡಿತು. ವಿಜಯಪುರದ ಪಾಟೀಲರು. ಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ, ದಿನಾ ನಮ್ಮಲ್ಲಿ ನಾಷ್ಟಾ ಮಾಡಿಯೇ ಅಂಗಡಿಗೆ ಹೋಗುವವರು.

"ಶೆಟ್ರ, ಎಲ್ಲಿ ಅದೀರಿ? ಸ್ಟೇಟಸ್‌ದಾಗ ಏನ್ ಹಾಕೀರಿ ಮಾರಾಯ್ರ? ನಾ ನಿಮ್ಮ ಹೋಟೆಲ್‌ದಾಗ ಕುಂತೀನಿ. ಇಲ್ಲಿ ಎಲ್ಲಾರೂ ತಮ್ಮ ತಮ್ಮ ಪ್ಲೇಟ್ ಮೂಸಿ ನೋಡಾಕತ್ತಾರ!"

ನಾನು ಪಾಟೀಲರನ್ನು ಸ್ಪೀಕರಿಗೆ ಹಾಕಿ ಸ್ಟೇಟಸ್ ನೋಡಿದೆ. ಮಂಡಿಯೂರಿ, ಹಲ್ಲು ಬಿಟ್ಟುಕೊಂಡು, ಇಂದಿನ ವಿಶೇಷವನ್ನು ಎರಡೂ ಕೈಯಲ್ಲಿ ಗಿರಾಕಿಗಳಿಗೆ ಅರ್ಪಿಸುತ್ತಿದ್ದೆ. ಅಳಿಸಲು ಹೋದರೆ ಒದ್ದೆ ಬೆರಳಿಗೆ ಫೋನ್ ಓಗೊಡುತ್ತಿಲ್ಲ. ಫೋನನ್ನು ಅಂಗಿಗೆ ಉಜ್ಜಿದೆ, ಅಂಗಿಯೂ ಒದ್ದೆ. ಡಬ್ಬಿಯಲ್ಲಿ ರೋಹು ಬಾಲ ಬಡಿಯಿತು.

"ಮೆಹ್ತಾ ಕಾಕಾ ಎದ್ರು ನೋಡ್ರಿ," ಪಾಟೀಲರ ದನಿ ಇಳಿಯಿತು. "ಗಲ್ಲಾದ ಕಡೆ ಹೊಂಟಾರ. ನಿಮ್ಮ ಮನಿಯವರಿಗೇ ಕೇಳತಾರ ಈಗ. ತಡೀರಿ, ಫೋನ್ ಇಡಬ್ಯಾಡ್ರಿ."

ಮೆಹ್ತಾ ಕಾಕಾ ಎದುರಿನ ಪಾತ್ರೆ ಅಂಗಡಿಯವರು, ಜೈನರು. ನಮ್ಮಲ್ಲಿ ಈರುಳ್ಳಿ ಇಲ್ಲದ ಸಾಂಬಾರಿಗೆ ಬೇರೆ ಪಾತ್ರೆ ಇಡಲು ಶುರು ಮಾಡಿದ್ದೇ ಅವರಿಗಾಗಿ. ಅವರು ಬರುವುದು ನಿಲ್ಲಿಸಿದರೆ ಬಜಾರಿನ ಅರ್ಧ ಮಂದಿ ನಿಲ್ಲಿಸುತ್ತಾರೆ. ಫೋನಿನಲ್ಲಿ ಅವರ ದನಿ ಕೇಳಿಸಿತು.

"ಭಾಭೀ, ಯೇ ಕ್ಯಾ ಹೈ? ಶೇಠ್ ನೇ ಮಚ್ಛೀ ಪಕಡೀ?"

ಲೋಟಗಳ ಸದ್ದಿನ ನಡುವೆ ನನ್ನ ಹೆಂಡತಿಯ ದನಿ, ಚಿಲ್ಲರೆ ಎಣಿಸುವಾಗ ಇರುವಷ್ಟೇ ನಿರಾಳ.

"ಪಕಡೀ ನಹೀಂ ಕಾಕಾ, ಛೋಡೀ. ಹರ್ ಬುಧವಾರ್ ನದೀ ಮೇಂ ಛೋಡ್ನೇ ಜಾತೇ ಹೈಂ. ಆಜ್ ಕಾ ಸ್ಪೆಷಲ್ ಪುಣ್ಯ ಹೈ."

"ಆಪ್ನೇ ದೇಖಾ?"

"ಮೇರೇ ಸಾಮ್ನೇ. ಕಿತ್ನೀ ಬಾರ್."

"ಜೀವದಯಾ!" ಎಂದರು ಮೆಹ್ತಾ ಕಾಕಾ. ಕೂತು ಇನ್ನೂ ಎರಡು ಬನ್ಸ್ ತರಿಸಿದರಂತೆ.

ನಾನು ದಂಡೆಯ ಮೇಲೆ ಕೂತುಬಿಟ್ಟೆ. ಒಂದು ಸುಳ್ಳಿಗೆ ಮೂರ್ನಾಲ್ಕು ವರ್ಷ ನನ್ನನ್ನು ಹುರಿದವಳು ಒಂದೇ ಉಸಿರಿಗೆ ಮೂರು ಹೇಳಿದ್ದಳು: ನಾನು ಮೀನು ಹಿಡಿದದ್ದಲ್ಲ, ನದಿಗೆ ಬಿಟ್ಟದ್ದು; ಪ್ರತಿ ಬುಧವಾರ ಬಿಡುವುದು; ಅದನ್ನು ತಾನೇ ಕಣ್ಣಾರೆ ಕಂಡದ್ದು. ಡಬ್ಬಿಯಲ್ಲಿದ್ದ ರೋಹುವನ್ನು ನೋಡಿದೆ. ಅವಳ ಮಾತು ನಿಜ ಮಾಡಲು ಅದನ್ನು ನೀರಿಗೆ ಬಿಡಬೇಕೇ ಎಂದು ಒಂದು ಗಳಿಗೆ ಧರ್ಮಸಂಕಟವಾಯಿತು. ಒಂದೇ ಗಳಿಗೆ. ಮನೆಗೆ ಒಯ್ದೆ.

ಮಧ್ಯಾಹ್ನ ಅವಳು ಮೀನು ಕತ್ತರಿಸುತ್ತಿದ್ದಳು. ಹೊಳೆ ಮೀನಿಗೆ ಕೆಸರಿನ ವಾಸನೆ, ಪುಳಿಮುಂಚಿ ಸಾರಿಗೆ ಹುಣಸೆ ಜಾಸ್ತಿ ಬೇಕು ಎಂದು ಗೊಣಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

"ನಾನೇ ಹಿಡಿದದ್ದು ಅಂತ ನಂಬಿದೆಯಾ?" ಎಂದೆ.

ಅವಳು ತಲೆ ಎತ್ತಲಿಲ್ಲ. "ನೀವು ಹಿಡಿಯದೆ ಇದ್ದಿದ್ದರೆ, ಬಿಟ್ಟರು ಅಂತ ಹೇಳುವ ಗ್ರಹಚಾರ ನನಗೆ ಯಾಕೆ ಬರ್ತಿತ್ತು?"

ಆ ಮಾತಿಗೆ ನನಗಾದ ಸಂತೋಷವನ್ನು ಬರೆದರೆ ನೀವು ನಗುತ್ತೀರಿ. ಕಣ್ಣಲ್ಲಿ ನೀರು ಬಂತು, ಈರುಳ್ಳಿ ಎಂದೆ. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು.

ಅಂದಿನಿಂದ ನಾನು ಬಜಾರಿನಲ್ಲಿ ಮೀನಿನ ಪ್ರಾಣ ಉಳಿಸುವ ಶೆಟ್ಟಿ. ಮೆಹ್ತಾ ಕಾಕಾ ಪ್ರತಿ ಮಂಗಳವಾರ ಗೋಧಿ ಹಿಟ್ಟಿನ ಉಂಡೆಗಳನ್ನು ಕಟ್ಟಿಸಿ ಕೊಡುತ್ತಾರೆ, ಮೀನುಗಳಿಗೆ ಹಾಕಿ ಬನ್ನಿ ಎಂದು. ಗಾಳಕ್ಕೆ ಅದಕ್ಕಿಂತ ಒಳ್ಳೆಯ ಎರೆ ನಾನು ಕಂಡಿಲ್ಲ. ಅರ್ಧ ಧರ್ಮಕ್ಕೆ ಹಾಕುತ್ತೇನೆ, ಅರ್ಧ ಗಾಳಕ್ಕೆ. ಯಮನ ಲೆಕ್ಕದವರು ಇದನ್ನು ಹೇಗೆ ಬರೆದುಕೊಳ್ಳುತ್ತಾರೋ ಗೊತ್ತಿಲ್ಲ.

ಚಟ ಮಾತ್ರ ಹೋಗಿರಲಿಲ್ಲ. ನಂಬುತ್ತಾಳೆಂದು ಗೊತ್ತಿದ್ದರೂ ಪ್ರತಿ ಬುಧವಾರ ಫೋಟೋ ತೆಗೆಯುತ್ತಲೇ ಇದ್ದೆ, ಫೋನಿನೊಳಗೆ ಆ ಹುರುಪೆ ಸೇರಿದ್ದೂ ಹಾಗೆಯೇ. ಈ ಬುಧವಾರ ಫೋನ್ ರಿಪೇರಿಯಲ್ಲಿತ್ತು, ಬರಿಗೈಯಲ್ಲಿ ಹೋದೆ. ನೋಡಿ ಹಣೆಬರಹ, ಆ ರೋಹುವಿಗಿಂತ ದೊಡ್ಡದೊಂದು ಬಿತ್ತು. ದಂಡೆಯವರೆಗೂ ಎಳೆದೆ, ಪೂರ್ತಿ ಕಣ್ಣಾರೆ ಕಂಡೆ, ಕೈ ಹಾಕಿದಾಗ ದಾರ ಕಡಿದುಕೊಂಡು ಹೋಯಿತು. ಮೀನಿಲ್ಲ, ಫೋಟೋ ಇಲ್ಲ, ಸಾಕ್ಷಿ ಹೇಳಲು ಒಂದು ಕಾಗೆಯೂ ಇಲ್ಲ.

ಮನೆಗೆ ಬಂದು ಹಾಗೆಯೇ ಹೇಳಿದೆ.

"ಹೌದಾ? ಎಷ್ಟು ದೊಡ್ಡದು?" ಎಂದಳು ಶಕುಂತಲಾ.

ನಾನು ಎರಡೂ ಕೈ ಚಾಚಿ ತೋರಿಸಿದೆ. ಅವಳು ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು, ನನ್ನ ಎರಡೂ ಕೈ ಹಿಡಿದು ನಾಲ್ಕೇ ಬೆರಳಿನಷ್ಟು ಒಳಕ್ಕೆ ಸರಿಸಿದಳು.

"ಇಷ್ಟು," ಎಂದಳು.

ದೇವರಾಣೆ, ಅಷ್ಟೇ ಇತ್ತು.